ಫಿರಂಗಿ ದಳದ ಅಧಿಕಾರಿ ಕಂಡ ಬೆಂಗಳೂರು

ಓದುಗರ ಪತ್ರದ ಸಾರ: ಬೆಂಗಳೂರಿನ ಹಳೆಯ ವಸ್ತುಗಳ ಅಂಗಡಿಯೊಂದರಲ್ಲಿ ‘ಸೈಪ್ರೆಸ್ ತೋಟದೊಡನೆ ಬೆಂಗಳೂರಿನ ಪೂರ್ವ ನೋಟ’ ಎಂಬರ್ಥದ ಇಂಗ್ಲಿಷ್ ಶೀರ್ಷಿಕೆಯ ಬಣ್ಣದ ಚಿತ್ರವೊಂದನ್ನು ಕೊಂಡಿದ್ದೇನೆ. 1792ರ ಮೂಲಪ್ರತಿ ಎಂದು ಅಂಗಡಿಯವರು ಹೇಳಿದರು. ಇದು ಅಸಲಿಯೇ? ಬಣ್ಣ ಆ ಕಾಲದ್ದೇ? ನಾನು ಬಲ್ಲ ಬೆಂಗಳೂರಿನ ಒಂದು ಗುರುತೂ ಇದರಲ್ಲಿ ಕಾಣದಿರುವುದೇಕೆ? ಅಮೆರಿಕದಲ್ಲಿರುವ ಮಗಳಿಗೆ ಇದನ್ನು ಕಳುಹಿಸಬಹುದೇ? (ಓದುಗರೊಬ್ಬರು, ತುಮಕೂರು)

ಸಂಪಾದಕರ ಉತ್ತರ:

ಮಾನ್ಯರೇ,

ತಾವು ಪತ್ರದೊಂದಿಗೆ ಲಗತ್ತಿಸಿದ ಛಾಯಾಚಿತ್ರಗಳನ್ನು ನೋಡಿದೆ. ಮೊದಲು ಇಸವಿಯ ವಿಷಯ. ಈ ಶೀರ್ಷಿಕೆಯ ಚಿತ್ರವನ್ನು ಬರೆದವನು ಜೇಮ್ಸ್ ಹಂಟರ್ ಎಂಬ ಬ್ರಿಟಿಷ್ ಫಿರಂಗಿ ದಳದ ಲೆಫ್ಟಿನೆಂಟ್. ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯದೊಡನೆ ಟಿಪ್ಪುವಿನ ಮೇಲೆ ದಂಡೆತ್ತಿ ಬಂದಿದ್ದ ಆತ 1792ರಲ್ಲಿಯೇ ತೀರಿಕೊಂಡ. ಆತನ ಚಿತ್ರಗಳನ್ನು ಲಂಡನ್ನಿನ ಪ್ರಕಾಶಕ ಎಡ್ವರ್ಡ್ ಓರ್ಮ್ ತಾಮ್ರದ ಫಲಕಗಳಿಗೆ ಇಳಿಸಿ ಅಚ್ಚು ಹಾಕಿಸಿದ್ದು 1804-05ರಲ್ಲಿ. ಹಾಗಾಗಿ ತಮ್ಮದು ಅಸಲಿಯೇ ಆಗಿದ್ದರೂ ಆ ಕಾಗದಕ್ಕೆ 1792ರ ವಯಸ್ಸಿಲ್ಲ. ಅಂಗಡಿಯವರು ಸುಳ್ಳು ಹೇಳಿದರು ಎನ್ನುವುದಕ್ಕಿಂತ, ಚಿತ್ರ ಬರೆದ ಕಾಲವನ್ನೂ ಅಚ್ಚಾದ ಕಾಲವನ್ನೂ ಒಂದೇ ಎಂದು ತಿಳಿದರು ಎನ್ನೋಣ. ಈ ವ್ಯಾಪಾರದಲ್ಲಿ ಇಸವಿ ಹಿಂದಕ್ಕೆ ಸರಿದಷ್ಟೂ ಬೆಲೆ ಮುಂದಕ್ಕೆ ಹೋಗುತ್ತದೆ.

ಅಸಲು ನಕಲುಗಳ ತೀರ್ಮಾನ ಛಾಯಾಚಿತ್ರ ನೋಡಿ ಆಗುವಂಥದ್ದಲ್ಲ. ಚೌಕಟ್ಟು ಬಿಚ್ಚಿಸಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ಆಕಾಶದ ಭಾಗವನ್ನು ನೋಡಿ. ಈ ಚಿತ್ರಗಳು ಆಕ್ವಾಟಿಂಟ್ ಎಂಬ ವಿಧಾನದವು: ಫಲಕದ ಮೇಲೆ ರಾಳದ ಪುಡಿಯನ್ನು ಉದುರಿಸಿ, ಕಾಯಿಸಿ ಅಂಟಿಸಿ, ಆಮ್ಲದಲ್ಲಿ ಅದ್ದಿದಾಗ ಪುಡಿಯ ಕಣಗಳ ಸುತ್ತಲಿನ ತಾಮ್ರ ಮಾತ್ರ ಸವೆದು, ಅಲ್ಲಿ ಮಸಿ ನಿಲ್ಲುತ್ತದೆ. ಅಚ್ಚಿನಲ್ಲಿ ಅದು ಬತ್ತಿದ ಕೆರೆಯಂಗಳದ ಬಿರುಕಿನಂತೆ, ಒಂದರಂತೆ ಇನ್ನೊಂದಿಲ್ಲದ ಸಣ್ಣ ಬಲೆಯಾಗಿ ಕಾಣಬೇಕು. ಅದರ ಬದಲು ಸಾಲು ಹಿಡಿದು ನಿಂತ ಸಮಾನ ಚುಕ್ಕೆಗಳು ಕಂಡರೆ ಅದು ಆಫ್‌ಸೆಟ್, ಅಂದರೆ ಈಚಿನ ಯಂತ್ರದ ಮುದ್ರಣ. ಇಪ್ಪತ್ತು ವರ್ಷದ ಹಿಂದೆ ನಾನೇ ಹೆಮ್ಮೆಯಿಂದ ಕೊಂಡು ತಂದಿದ್ದ ಶ್ರೀರಂಗಪಟ್ಟಣದ ‘ಮೂಲಪ್ರತಿ’ ಆ ಚುಕ್ಕೆಗಳಿಂದಾಗಿ ಹಳೆಯ ಕ್ಯಾಲೆಂಡರಿನ ಹಾಳೆ ಎಂದು ಗೊತ್ತಾಯಿತು. ಚಿತ್ರದ ಸುತ್ತ, ಒದ್ದೆ ಕಾಗದದ ಮೇಲೆ ಫಲಕ ಒತ್ತಿದ ಅಂಚಿನ ತಗ್ಗು ಬೆರಳಿಗೆ ಸಿಗುತ್ತದೆಯೇ ಎಂಬುದನ್ನೂ ನೋಡಿ. ಅಂಚು ಕತ್ತರಿಸಿ ಹೋಗಿದ್ದರೆ ಮಾತ್ರ ಅದು ಸಿಗುವುದಿಲ್ಲ. ಪ್ರಕಾಶಕನ ಹೆಸರನ್ನೂ ದಿನಾಂಕವನ್ನೂ ಫಲಕದ ಮೇಲೆಯೇ ಕೆತ್ತುವ ರೂಢಿ ಇಂಗ್ಲೆಂಡಿನಲ್ಲಿ 1735ರ ಕಾನೂನಿನಿಂದ ಬಂದದ್ದು. ತಮ್ಮ ಚಿತ್ರದಲ್ಲಿ ಆ ಸಾಲು ಚೌಕಟ್ಟಿನೊಳಗೆ ಚಿತ್ರದ ಸುತ್ತ ಇಡುವ ಮೌಂಟ್ ರಟ್ಟಿನ ಕೆಳಗೆ ಅಡಗಿರುವಂತಿದೆ.

ಕಾಗದವನ್ನು ಬೆಳಕಿಗೆ ಹಿಡಿದರೆ ತಯಾರಕನ ಹೆಸರು, ಕೆಲವೊಮ್ಮೆ ಇಸವಿಯೂ ನೀರ್ಗುರುತಾಗಿ ಮೂಡುತ್ತದೆ. ಆ ಇಸವಿ ಫಲಕದ ಮೇಲೆ ಕೆತ್ತಿದ ದಿನಾಂಕಕ್ಕಿಂತ ಈಚಿನದಾದರೆ, ಹಳೆಯ ಫಲಕದಿಂದಲೇ ತಡವಾಗಿ ತೆಗೆದ ಪ್ರತಿ ಎಂದರ್ಥ. ಬಣ್ಣವನ್ನಂತೂ ಆಗ ಕೂಲಿಯ ಬಣ್ಣಗಾರರು ಒಂದೊಂದೇ ಪ್ರತಿಗೆ ಕೈಯಿಂದ ಹಚ್ಚುತ್ತಿದ್ದರು. ಕಾಗದದ ಕಂದು ಕಲೆಗಳ ಮೇಲೆಯೇ ಬಣ್ಣ ಕುಳಿತಿದ್ದರೆ ಅದನ್ನು ಹಚ್ಚಿದ್ದು ಕಲೆ ಬಿದ್ದ ಮೇಲೆ, ಅಂದರೆ ಬಹಳ ಈಚೆಗೆ.

ಇನ್ನು ತಮ್ಮ ಮೂರನೆಯ ಪ್ರಶ್ನೆ. ನನ್ನ ಮಟ್ಟಿಗೆ ಇಡೀ ಪತ್ರದಲ್ಲಿ ತೂಕದ್ದು ಅದೇ. ಸೈಪ್ರೆಸ್ ತೋಟವೆಂದು ಇಂಗ್ಲಿಷರು ಕರೆದದ್ದು ಹೈದರಾಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗನ್ನು. ಅಲ್ಲಿ ಗಾಜಿನಮನೆಯನ್ನು ಹುಡುಕಿದರೆ ಸಿಗದು, ಅದರ ಅಡಿಗಲ್ಲು ಬಿದ್ದದ್ದು 1889ರಲ್ಲಿ. ದಂಡು ಪ್ರದೇಶವೂ ಇಲ್ಲ. ಅದು 1809ರ ಮಾತು. ಆದರೆ ತಮಗೆ ಊರು ಅಪರಿಚಿತವಾಗಿ ಕಾಣಲು ಕಾಲದ ಅಂತರವೊಂದೇ ಕಾರಣವಲ್ಲ, ನೋಡಿದವನು ನಿಂತ ಜಾಗವೂ ಕಾರಣ. ಆ ಕಾಲದ ಬ್ರಿಟಿಷ್ ಫಿರಂಗಿ ದಳದ ಅಧಿಕಾರಿಗಳನ್ನು ತರಬೇತುಗೊಳಿಸುತ್ತಿದ್ದ, ಇಂಗ್ಲೆಂಡಿನ ವೂಲಿಚ್‌ನ ಸೈನಿಕ ಶಾಲೆಯಲ್ಲಿ ಚಿತ್ರ ಬರೆಯುವುದು ಪಾಠದ ಒಂದು ಭಾಗವಾಗಿತ್ತು. ಪಾಲ್ ಸ್ಯಾಂಡ್‌ಬಿಯಂಥ ಹೆಸರಾಂತ ಕಲಾವಿದ 1768ರಿಂದ 1796ರವರೆಗೆ ಅಲ್ಲಿ ಚಿತ್ರಕಲೆಯ ಮೇಷ್ಟರಾಗಿದ್ದ. ಗುಡ್ಡ ಎಷ್ಟು ಎತ್ತರ, ಗೋಡೆ ಎಷ್ಟು ದೂರ, ನಡುವೆ ಮರೆಗೆ ಏನಿದೆ ಎಂಬುದನ್ನು ದೂರದಿಂದ ನೋಡಿ ಕಾಗದಕ್ಕಿಳಿಸುವುದು ಅವರಿಗೆ ಕಲೆಗಿಂತ ಮೊದಲು ಕಸುಬು. ಆ ಕಣ್ಣಿಗೆ ಕೋಟೆ ಕಾಣುತ್ತದೆ. ಚಿಕ್ಕಪೇಟೆಯ ಜಗಲಿ ಕಾಣುವುದಿಲ್ಲ. ಶೀರ್ಷಿಕೆಯ ಉಳಿದರ್ಧದಲ್ಲಿ ‘ಪಗೋಡದಿಂದ ಕಂಡಂತೆ’ ಎಂದಿರುವುದನ್ನೂ ಗಮನಿಸಿ. ಪಗೋಡ ಎಂದರೆ ಅವರ ಬಾಯಲ್ಲಿ ನಮ್ಮ ದೇವಸ್ಥಾನ. ದೇವಸ್ಥಾನದ ಬಳಿ ನಿಂತೂ ಆತ ನೋಡಿದ್ದು ಊರಿನ ಹೊರಮೈಯನ್ನು.

ಇದರ ಪಕ್ಕದಲ್ಲಿ, ಅದೇ ಯುದ್ಧದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಕ್ಲಾಡ್ ಮಾರ್ಟಿನ್ ತಯಾರಿಸಿದ 1791ರ ಬೆಂಗಳೂರಿನ ನಕ್ಷೆಯನ್ನು ಇಟ್ಟು ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಮೊಟ್ಟೆಯಾಕಾರದ ಕೋಟೆ, ಅದರ ಉತ್ತರಕ್ಕೆ ಪೇಟೆ, ಮುತ್ತಿಗೆ ಹಾಕಿದವರ ದಾಳಿಯ ವಿವರ ಅದರಲ್ಲಿವೆ. 1791ರ ಮಾರ್ಚ್ 21ರ ರಾತ್ರಿ ಬ್ರಿಟಿಷರು ಗೋಡೆಯ ಬಿರುಕಿನ ಮೂಲಕ ಕೋಟೆಗೆ ನುಗ್ಗಿದ ಜಾಗದಲ್ಲಿ ಇಂದಿಗೂ ಕಲ್ಲಿನ ಫಲಕವಿದೆ. ಕೃಷ್ಣರಾಜ ಮಾರುಕಟ್ಟೆಯ ಬಳಿ ಉಳಿದಿರುವ ದೆಹಲಿ ಬಾಗಿಲಿಗೆ ಹೋದಾಗ ಹುಡುಕಿ ನೋಡಿ. ಹೀಗೆಂದ ಮಾತ್ರಕ್ಕೆ ಚಿತ್ರವನ್ನು ಗೋಡೆಯಿಂದ ಇಳಿಸಬೇಕೆಂದು ನಾನು ಹೇಳುತ್ತಿಲ್ಲ. ಛಾಯಾಗ್ರಹಣ ಇಲ್ಲದ ಕಾಲದ ಬೆಂಗಳೂರು ನಮಗೆ ಉಳಿದಿರುವುದು ಬಹುಮಟ್ಟಿಗೆ ಇಂಥವರ ಕೈಯಲ್ಲೇ.

ಕೊನೆಯ ಪ್ರಶ್ನೆಗೆ ಉತ್ತರ ಚಿಕ್ಕದು, ಆದರೆ ತಮಗೆ ರುಚಿಸಲಿಕ್ಕಿಲ್ಲ. ನೂರು ವರ್ಷ ದಾಟಿದ ಕಲಾಕೃತಿಯನ್ನು ಖಾಸಗಿಯವರು ದೇಶದಿಂದ ಹೊರಗೆ ಕಳುಹಿಸಲು 1972ರ ಪುರಾತನ ವಸ್ತುಗಳ ಕಾಯ್ದೆ ಬಿಡುವುದಿಲ್ಲ. ನಕಲಾಗಿದ್ದರೆ, ಪುರಾತನ ವಸ್ತುವಲ್ಲವೆಂದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪ್ರಮಾಣಪತ್ರ ಪಡೆದು ಕಳುಹಿಸಬಹುದು. ಅಸಲಾಗಿದ್ದರೆ ಅದು ತುಮಕೂರಿನಲ್ಲೇ ಇರಬೇಕು. ಆದ್ದರಿಂದ ಮಗಳಿಗೆ ಮಾತು ಕೊಡುವ ಮೊದಲು ಭೂತಗನ್ನಡಿಯ ಕೆಲಸ ಮುಗಿಸಿ. ಚೌಕಟ್ಟು ಬಿಚ್ಚಿದಾಗ ಕೆಳಗಿನ ಅಂಚಿನದೂ ಹಿಂಬದಿಯದೂ ಒಂದೊಂದು ಛಾಯಾಚಿತ್ರ ತೆಗೆದು ನಮಗೆ ಕಳುಹಿಸಿ.