ಬೆಟ್ಟದ ಕಾದಂಬರಿ, ಎರೆನಾಡಿನ ಗೆಳೆಯ

ಪ್ರಶ್ನೆ: ಕೆಲವು ಪುಸ್ತಕಗಳನ್ನು ತೆರೆದರೆ ಕಥೆಗಿಂತ ಮೊದಲು ಒಬ್ಬ ಮನುಷ್ಯ ನೆನಪಾಗುತ್ತಾನೆ ಎಂದು ನೀವು ಈ ಅಂಕಣದಲ್ಲಿ ಒಮ್ಮೆ ಬರೆದಿದ್ದಿರಿ. ನಿಮಗೆ ಗೆಳೆಯನನ್ನು ನೆನಪಿಸುವ ಮೆಚ್ಚಿನ ಕಾದಂಬರಿ ಯಾವುದು? ಅದು ನಮ್ಮ ಭಾಗದ ಕಾದಂಬರಿಯೇ?
(ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ನಮ್ಮ ಭಾಗದ್ದಲ್ಲ. ಅದು ಶಿವರಾಮ ಕಾರಂತರು 1943ರಲ್ಲಿ ಪ್ರಕಟಿಸಿದ ‘ಬೆಟ್ಟದ ಜೀವ’. ಅದರ ಕಥೆ ನಡೆಯುವುದು ಸುಬ್ರಹ್ಮಣ್ಯದ ಆಚೀಚೆ, ಕುಮಾರಪರ್ವತದ ಮಗ್ಗುಲಿನ ದಟ್ಟ ಕಾಡಿನಲ್ಲಿ. ನನಗೆ ನೆನಪಾಗುವ ಗೆಳೆಯನ ಊರು ಇರುವುದು ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಎರೆಭೂಮಿಯಲ್ಲಿ. ಅವನ ಹೊಲದ ಬದುವಿನ ಮೇಲೆ ನಿಂತು ನಾಲ್ಕೂ ದಿಕ್ಕಿಗೆ ನೋಡಿದರೆ ಕಣ್ಣಿಗೆ ತಡೆಯೇ ಇಲ್ಲ. ಹಿಂಗಾರಿ ಜೋಳ, ಕಡಲೆ, ಕುಸುಬಿ, ಅವುಗಳಾಚೆ ಆಕಾಶ. ಮಳೆ ಬಿದ್ದರೆ ಕಾಲು ಕೀಳಲಾಗದಷ್ಟು ಕೆಸರು, ಬೇಸಿಗೆಯಲ್ಲಿ ಅಂಗೈ ತೂರಿಸಬಹುದಾದಷ್ಟು ಅಗಲದ ಬಿರುಕು. ಬಾವಿಯ ನೀರು ಸವಳು, ಆದ್ದರಿಂದ ಕುಡಿಯುವುದಕ್ಕೆ ಕೆರೆಯ ನೀರನ್ನೇ ತರಬೇಕು. ಇಂಥ ನೆಲದವನೊಬ್ಬ ಅಡಿಕೆ ತೋಟದ, ಆನೆ ಕಾಟದ, ಮಂಜು ಮುಸುಕುವ ಮಲೆಯ ಕಾದಂಬರಿಯೊಳಗೆ ಹೇಗೆ ಬಂದು ಕುಳಿತನೆಂಬುದನ್ನು ನಾನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ.

ಕಾದಂಬರಿಯನ್ನು ಓದದವರಿಗಾಗಿ ನಾಲ್ಕು ಮಾತು. ಕಾಡಿನಲ್ಲಿ ದಾರಿ ತಪ್ಪಿದ ನಿರೂಪಕನನ್ನು ದೇರಣ್ಣ ಮತ್ತು ಬಟ್ಯ ಎಂಬಿಬ್ಬರು ಕೆಳಬೈಲಿನ ಗೋಪಾಲಯ್ಯನವರ ಮನೆಗೆ ಕರೆದೊಯ್ಯುತ್ತಾರೆ. ಒಂದು ರಾತ್ರಿಯ ಮಟ್ಟಿಗೆಂದು ಬಂದ ಅತಿಥಿಯನ್ನು ಗೋಪಾಲಯ್ಯ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಎಣ್ಣೆ ಹಚ್ಚಿ ಬಿಸಿನೀರೆರೆಯುವುದು, ಊಟ, ಹರಟೆ, ಹೆಂಡತಿ ಶಂಕರಿಯನ್ನು ಛೇಡಿಸುವುದು, ಕಾಟುಮೂಲೆಯಲ್ಲಿ ಕಾಡು ಕಡಿದು ಎಬ್ಬಿಸಿದ ತೋಟವನ್ನು ಹೆಮ್ಮೆಯಿಂದ ತೋರಿಸುವುದು ಹೀಗೆ ದಿನಗಳು ಸಾಗುತ್ತವೆ. ಆ ತೋಟವನ್ನು ನೋಡಿಕೊಳ್ಳುವ ನಾರಾಯಣ ಮತ್ತು ಅವನ ಹೆಂಡತಿ ಲಕ್ಷ್ಮಿಯನ್ನು ಮುದುಕರು ಮಕ್ಕಳಂತೆಯೇ ಕಾಣುತ್ತಾರೆ. ಈ ಎಲ್ಲ ಸಂಭ್ರಮದ ಕೆಳಗೆ ಒಂದು ನೋವಿದೆ. ಅವರ ಮಗ ಶಂಭು ಮನೆ ಬಿಟ್ಟು ಹೋದವನು ತಿರುಗಿ ಬಂದಿಲ್ಲ. ಶಂಕರಿ ಅದನ್ನು ನೆನೆದು ಅಳುತ್ತಾರೆ, ಗೋಪಾಲಯ್ಯ ಮಾತನಾಡುತ್ತಾರೆ. ಪುಸ್ತಕದ ಕೊನೆಯ ಪುಟಕ್ಕೆ ಬಂದಾಗಲೂ ಶಂಭು ಬಂದಿರುವುದಿಲ್ಲ.

ನಾನೂ ಆ ಗೆಳೆಯನೂ ಧಾರವಾಡದಲ್ಲಿ ಕಾಲೇಜು ಓದುತ್ತಿದ್ದಾಗ ಒಂದೇ ವಸತಿಗೃಹದಲ್ಲಿದ್ದೆವು. ಅದು 1970ರ ಆಸುಪಾಸಿನ ಕಾಲ. ಅಲ್ಲಿನ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆಯ ಅಟ್ಟದಲ್ಲಿ ಯಾವ ಸಾಹಿತಿ ಏನು ಹೇಳಿದರೆಂಬುದು ಮರುದಿನ ಹುಡುಗರ ಬಾಯಲ್ಲಿ ಓಡಾಡುತ್ತಿತ್ತು. ಗೆಳೆಯ ಈ ಚರ್ಚೆಗಳಲ್ಲಿ ಹೆಚ್ಚು ಬಾಯಿ ಹಾಕುತ್ತಿರಲಿಲ್ಲ. ಆದರೆ ಗ್ರಂಥಾಲಯದಿಂದ ಪುಸ್ತಕ ತಂದು, ಓದಿ, ಅದನ್ನು ಹಿಂದಿರುಗಿಸುವ ಮೊದಲು ನನ್ನ ಕೈಗೆ ಕೊಡುವುದು ಅವನ ಪದ್ಧತಿ. ಹೀಗೆ ‘ಬೆಟ್ಟದ ಜೀವ’ವನ್ನು ಕೊಟ್ಟ ಕೆಲವು ದಿನಗಳ ಮೇಲೆ ಕರ್ನಾಟಕ ಕಾಲೇಜಿನ ಹಾದಿಯಲ್ಲಿ ನಡೆಯುತ್ತ ಕೇಳಿದ: “ಆ ಮುದುಕ ಅಷ್ಟ್ಯಾಕ ಮಾತಾಡ್ತಾನ, ನಿನಗ ತಿಳೀತೇನು?” ಕಾಡಿನಲ್ಲಿ ಒಂಟಿಯಾಗಿರುವವರಿಗೆ ಜನ ಸಿಕ್ಕರೆ ಮಾತು ಬರುತ್ತದೆ ಎಂದು ನಾನು ಹೇಳಿದೆ. ಅವನು ತಲೆಯಾಡಿಸಿ, “ಹಂಗಲ್ಲೋ. ಮಾತು ನಿಲ್ಲಿಸಿದ್ರ ಮನ್ಯಾಗ ಮಗಾ ಇಲ್ಲದ್ದು ಕೇಳಸ್ತೈತಿ ಅವಗ” ಎಂದ. ನಾನು ಆಮೇಲೆ ಈ ಕಾದಂಬರಿಯ ಬಗ್ಗೆ ಬಹಳಷ್ಟು ವಿಮರ್ಶೆಯನ್ನು ಓದಿದ್ದೇನೆ. ಗೋಪಾಲಯ್ಯನವರನ್ನು ಪ್ರಕೃತಿಯೊಡನೆ ಸೆಣಸಿ ಗೆದ್ದ ಧೀರನೆಂದು, ಕಾಯಕಜೀವಿಯೆಂದು ಹೊಗಳಿದ್ದನ್ನು ನೋಡಿದ್ದೇನೆ. ಅದೆಲ್ಲವೂ ಸರಿಯೇ. ಆದರೂ ಆ ಪಾತ್ರದ ಬಾಗಿಲನ್ನು ನನಗೆ ತೆರೆದದ್ದು ಇಪ್ಪತ್ತರ ಹರೆಯದ ರೈತರ ಹುಡುಗನ ಆ ಒಂದು ಮಾತು.

ಓದು ಮುಗಿಸಿ ಅವನು ಊರಿಗೆ ಮರಳಿ ಒಕ್ಕಲುತನ ಹಿಡಿದ. ತಂದೆ ತೀರಿಕೊಂಡಿದ್ದರಿಂದ ತಮ್ಮನನ್ನು ಬೆಳೆಸುವ ಹೊಣೆಯೂ ಅವನದೇ ಆಯಿತು. 1972ರ ಬರವನ್ನು ಕಂಡವರಿಗೆ ಆ ದಿನಗಳ ಎರೆಸೀಮೆ ಹೇಗಿತ್ತೆಂದು ಹೇಳಬೇಕಾಗಿಲ್ಲ. ದನಕ್ಕೆ ಕಣಿಕೆಯಿಲ್ಲ, ಮನೆಯ ಹಗೇವಿನಲ್ಲಿ ಕಾಳಿಲ್ಲ. ದುಡಿಯಲಿಕ್ಕೆಂದು ಗೋವೆಗೆ ಹೋದ ಹುಡುಗರ ಗುಂಪಿನಲ್ಲಿ ಅವನ ತಮ್ಮನೂ ಇದ್ದ. ಮೊದಮೊದಲು ಪತ್ರ ಬಂತು, ದುಡ್ಡೂ ಬಂತು. ಆಮೇಲೆ ಎರಡೂ ನಿಂತವು. ಗೆಳೆಯ ಮಡಗಾಂವಿಗೂ ವಾಸ್ಕೋಕ್ಕೂ ಹೋಗಿ ಹುಡುಕಿದ. ಜೊತೆಗೆ ಹೋಗಿದ್ದವರನ್ನು ಕೇಳಿದರೆ, ಮುಂಬಯಿಗೆ ಹೋದನೆಂದು ಒಬ್ಬರು, ಹಡಗಿನ ಕೆಲಸಕ್ಕೆ ಸೇರಿದನೆಂದು ಇನ್ನೊಬ್ಬರು ಹೇಳಿದರು. ಇಂದಿಗೂ ಇಷ್ಟೇ ಸುದ್ದಿ.

ಅಲ್ಲಿಂದೀಚೆಗೆ ಅವನ ಮನೆಗೆ ಹೋದವರು ಅದೇ ದಿನ ಹಿಂದಿರುಗಿದ್ದನ್ನು ನಾನು ಕಾಣೆ. ಬಸ್ಸಿನ ಹೊತ್ತಾಯಿತೆಂದರೆ, “ಹೋಗೂವಂತ್ರಿ ತಗೋರಿ, ಬಸ್ಸು ನಾಳೆನೂ ಬರತೈತಿ” ಎನ್ನುತ್ತಾನೆ. ಅತಿಥಿಯನ್ನು ಹೊಲಕ್ಕೆ ಕರೆದುಕೊಂಡು ಹೋಗಿ ತಾನು ಹಾಕಿದ ಒಡ್ಡುಗಳನ್ನು ತೋರಿಸುತ್ತಾನೆ. ಇಳಿಜಾರಿನ ಎರೆಹೊಲದಲ್ಲಿ ದೊಡ್ಡ ಮಳೆ ಬಂದರೆ ನೀರಿನ ಜೊತೆ ಮಣ್ಣೂ ಹಳ್ಳ ಸೇರುತ್ತದೆ. ಅದಕ್ಕಾಗಿ ಅಡ್ಡಲಾಗಿ ಒಡ್ಡು ಕಟ್ಟಿ, ಹೆಚ್ಚಾದ ನೀರು ಮಾತ್ರ ಹೊರಹೋಗುವಂತೆ ಕಲ್ಲಿನ ಗುಂಡಾವರ್ತಿ ಇಟ್ಟು, ಉಳಿದ ತೇವದ ಮೇಲೆ ಹಿಂಗಾರಿ ಬೆಳೆ ತೆಗೆಯುವ ವಿದ್ಯೆ ಅವನ ಹಿರಿಯರದು. ಯಾವ ಒಡ್ಡು ಯಾವ ವರ್ಷ ಒಡೆಯಿತು, ಎಷ್ಟು ಜನ ಸೇರಿ ಮತ್ತೆ ಎತ್ತಿದರು ಎಂಬುದನ್ನೆಲ್ಲ ಹೇಳುತ್ತ ಹೇಳುತ್ತ ಅವನ ಮುಖ ಅರಳುವುದನ್ನು ನೋಡಿದಾಗಲೆಲ್ಲ, ಕಾಟುಮೂಲೆಯ ತೋಟದಲ್ಲಿ ಅತಿಥಿಯನ್ನು ಮುಂದಿಟ್ಟುಕೊಂಡು ನಡೆಯುವ ಗೋಪಾಲಯ್ಯನವರು ನನ್ನ ಕಣ್ಣೆದುರು ಬರುತ್ತಾರೆ. ರಾತ್ರಿ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಹಿಂಡಿಯ ಊಟವಾದ ಮೇಲೆ ಕಟ್ಟೆಯ ಮೇಲೆ ಮಾತು ಮತ್ತೆ ಶುರುವಾಗುತ್ತದೆ. ಮಳೆ, ಪೇಟೆಯ ಧಾರಣಿ, ಊರಿನ ಜಾತ್ರೆ, ನಮ್ಮ ಕಾಲೇಜಿನ ಮೇಷ್ಟ್ರು, ಎಲ್ಲ ಬರುತ್ತದೆ. ತಮ್ಮನ ಹೆಸರು ಮಾತ್ರ ಬರುವುದಿಲ್ಲ. ನಾನೂ ಅದನ್ನು ಎತ್ತಿಲ್ಲ. ‘ಬೆಟ್ಟದ ಜೀವ’ದ ನಿರೂಪಕ ಮುದುಕರ ಗಾಯವನ್ನು ಕೆದಕುವುದಿಲ್ಲ, ಅದು ತಾನಾಗಿ ತೋರುವವರೆಗೆ ಅವರ ಅನ್ನ ಉಂಡು, ಅವರ ಮಾತು ಕೇಳಿ, ಜೊತೆಗಿರುತ್ತಾನೆ. ಅತಿಥಿಯಾದವನು ಹೇಗಿರಬೇಕೆಂಬುದನ್ನು ಇಷ್ಟು ಚೆನ್ನಾಗಿ ತೋರಿಸಿದ ಬೇರೊಂದು ಕನ್ನಡ ಕಾದಂಬರಿಯನ್ನು ನಾನು ಓದಿಲ್ಲ.

ಹೋಲಿಕೆ ಇಲ್ಲಿಗೆ ಮುಗಿಯುತ್ತದೆ ಎಂಬುದನ್ನೂ ಹೇಳಲೇಬೇಕು. ಅವನ ಮನೆಯಲ್ಲಿ ಶಂಕರಿಯಂಥವರಿಲ್ಲ. ಅವನ ಹೆಂಡತಿ ಗಟ್ಟಿ ಜೀವ, ಹೊಲದ ಲೆಕ್ಕವೆಲ್ಲ ಅವರದೇ. ಮಕ್ಕಳಿದ್ದಾರೆ, ಮೊಮ್ಮಕ್ಕಳಿದ್ದಾರೆ. ನೀನು ಗೋಪಾಲಯ್ಯನ ಹಾಗೆ ಎಂದು ನಾನೊಮ್ಮೆ ಅಂದಾಗ ಅವನಿಗೆ ಅದು ಸೇರಲಿಲ್ಲ. “ಅವಗ ಬೆಟ್ಟ ಇತ್ತು, ಬೆಟ್ಟದಿಂದ ನೀರು ಬರತಿತ್ತು. ನಮಗ ಬಿದ್ದ ನೀರನ್ನ ಹಿಡಕೊಂಡು ಕುಂದ್ರೂದೇ ಬಾಳೇವು” ಎಂದ. ಗೋಪಾಲಯ್ಯ ಕಾಡನ್ನು ಕಡಿದು ಹೊಸ ಭೂಮಿ ಮಾಡಿದವರು, ಆನೆ ಬಂದು ತುಳಿದರೂ ಮತ್ತೆ ನೆಡುವವರು. ನನ್ನ ಗೆಳೆಯ ಹೊಸದೇನನ್ನೂ ಗೆಲ್ಲಲು ಹೊರಟವನಲ್ಲ, ಇದ್ದ ಮಣ್ಣು ಹರಿದು ಹೋಗದಂತೆ ಕಾದವನು. ಈ ವ್ಯತ್ಯಾಸ ನನಗೆ ಹೋಲಿಕೆಯಷ್ಟೇ ಮುಖ್ಯ. ಪುಸ್ತಕದ ಪಾತ್ರಕ್ಕೆ ಗೆಳೆಯನನ್ನು ಪೂರ್ತಿಯಾಗಿ ಒಪ್ಪಿಸಿಬಿಟ್ಟರೆ ಅವನದೇ ಆದದ್ದು ಕಣ್ಣಿಗೆ ಬೀಳದೆ ಹೋಗುತ್ತದೆ.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ಕಾದಂಬರಿ ಓದುವಾಗ ಪಾತ್ರಗಳಿಗೆ ಪರಿಚಿತರ ಮುಖ ಹಚ್ಚಿಕೊಳ್ಳುವ ಅಭ್ಯಾಸ ನನಗಿದೆ. ಕೃತಿಯನ್ನು ಕೃತಿಯಾಗಿಯೇ ನೋಡಬೇಕು, ಇದು ಅಪಕ್ವ ಓದು ಎಂದು ಸಾಹಿತ್ಯ ಬಲ್ಲವರೊಬ್ಬರು ಹೇಳಿದರು. ನಿಮ್ಮ ಅಭಿಪ್ರಾಯವೇನು?
(ಓದುಗರೊಬ್ಬರು, ರಾಣೆಬೆನ್ನೂರು, ಹಾವೇರಿ ಜಿಲ್ಲೆ)

ಉತ್ತರ: ಅಪಕ್ವವೆಂದು ನಾನು ಒಪ್ಪಲಾರೆ. ಕಾರಂತರು ಬಹಳ ವರ್ಷ ಪುತ್ತೂರಿನಲ್ಲಿ ನೆಲೆಸಿ, ಆ ಸೀಮೆಯನ್ನು ಕಾಲ್ನಡಿಗೆಯಲ್ಲಿ ಸುತ್ತಿ, ಜನರನ್ನು ಕಂಡು ಬರೆದವರು. ಕಂಡ ಮುಖಗಳಿಂದ ಹುಟ್ಟಿದ ಕೃತಿಯನ್ನು ಓದುಗರು ತಾವು ಕಂಡ ಮುಖಗಳ ಮೂಲಕ ಓದಿದರೆ ಅದರಲ್ಲಿ ಅನ್ಯಾಯವೇನಿದೆ? ಆದರೆ ನಿಮಗೆ ಆ ಮಾತು ಹೇಳಿದವರ ಆತಂಕದಲ್ಲಿಯೂ ಒಂದು ನ್ಯಾಯವಿದೆ. ಮುಖ ಹಚ್ಚಿಕೊಂಡ ಮೇಲೆ, ಆ ಮುಖಕ್ಕೆ ಹೊಂದದ ಪುಟಗಳನ್ನು ನಾವು ಅವಸರದಿಂದ ದಾಟಿಬಿಡುವ ಅಪಾಯವಿರುತ್ತದೆ. ಕಾರಂತರದೇ ‘ಮರಳಿ ಮಣ್ಣಿಗೆ’ ಕಾದಂಬರಿಯ ನಾಗವೇಣಿಯಲ್ಲಿ ನಿಮಗೆ ನಿಮ್ಮ ಗೆಳತಿ ಕಂಡಳೆಂದು ಇಟ್ಟುಕೊಳ್ಳಿ. ಗಂಡ ಲಚ್ಚನಿಂದ ಅವಳು ಪಟ್ಟ ಪಾಡನ್ನು ನೀವು ಕಣ್ಣೀರಿಟ್ಟು ಓದುತ್ತೀರಿ. ಮಗ ರಾಮನನ್ನು ಅವಳು ಬೆಳೆಸಿದ ಬಗೆ ನಿಮ್ಮ ಗೆಳತಿಯ ಬಾಳಿನಲ್ಲಿ ಇಲ್ಲದಿರಬಹುದು. ಆಗ ಆ ಭಾಗ ನಿಮಗೆ ಮಂಕಾಗಿ ಕಾಣುತ್ತದೆ. ಆ ಕಾದಂಬರಿಯ ಶಕ್ತಿಯಿರುವುದೇ ಮೂರು ತಲೆಮಾರುಗಳ ಹರಿವಿನಲ್ಲಿ. ಮೊದಲ ತಲೆಮಾರಿನ ಪಾರೋತಿ, ಸರಸೋತಿಯರ ಮೌನ ದುಡಿಮೆಯಿಂದ ಹಿಡಿದು ಮೊಮ್ಮಗ ರಾಮ ಮಣ್ಣಿಗೆ ಮರಳುವವರೆಗೆ.

ಒಂದು ಉಪಾಯ ಹೇಳುತ್ತೇನೆ. ಮೊದಲ ಓದಿನಲ್ಲಿ ಮುಖಗಳು ಬರುವುದಿದ್ದರೆ ಬರಲಿ. ಎರಡನೆಯ ಸಲ ಓದುವಾಗ, ನಿಮ್ಮ ಗೆಳತಿ ಹಾಗೆ ಮಾಡಲಾರಳು ಎನಿಸುವ ಜಾಗಗಳಲ್ಲಿ ನಿಂತು ನೋಡಿರಿ. ಕಾದಂಬರಿಕಾರ ತನ್ನ ಪಾತ್ರವನ್ನು ಏಕೆ ಅತ್ತ ಕೊಂಡೊಯ್ದನೆಂದು ಕೇಳಿಕೊಂಡಾಗ ಕೃತಿಯೂ ಬಿಚ್ಚಿಕೊಳ್ಳುತ್ತದೆ, ಗೆಳತಿಯ ಬಗೆಗೂ ನಿಮಗೆ ಹೊಸದೊಂದು ಹೊಳೆಯಬಹುದು. ತರಗತಿಯಲ್ಲಿ ಮಕ್ಕಳಿಗೂ ಇದನ್ನೇ ಕೇಳಿ ನೋಡಿರಿ. ಯಾರ ಹಾಗಿದ್ದಾನೆ ಎಂಬ ಪ್ರಶ್ನೆಗೆ ಎಲ್ಲರೂ ಕೈಯೆತ್ತುತ್ತಾರೆ, ಎಲ್ಲಿ ಅವರ ಹಾಗಿಲ್ಲ ಎಂದು ಕೇಳಿದಾಗ ನಿಜವಾದ ಓದು ಆರಂಭವಾಗುತ್ತದೆ.

ಪ್ರಶ್ನೆ: ತೀರಿಹೋದ ಗೆಳೆಯನ ಕಾದಂಬರಿಯೊಂದು ನನ್ನ ಬಳಿ ಉಳಿದಿದೆ. ಅಂಚಿನ ತುಂಬ ಅವನು ಪೆನ್ಸಿಲಿನಲ್ಲಿ ಬರೆದ ಟಿಪ್ಪಣಿಗಳಿವೆ. ಈಗ ಅವನ ಮಗಳು, ತಂದೆಯ ಪುಸ್ತಕಗಳೇನಾದರೂ ಇವೆಯೇ ಎಂದು ಕೇಳಿದ್ದಾಳೆ. ಕೊಡಲು ಮನಸ್ಸು ಬರುತ್ತಿಲ್ಲ.
(ಓದುಗರೊಬ್ಬರು, ಬೆಟಗೇರಿ, ಗದಗ)

ಉತ್ತರ: ಕೊಡಿರಿ. ನಿಮ್ಮ ಮನಸ್ಸಿನ ಎಳೆತ ನನಗೆ ಅರ್ಥವಾಗುತ್ತದೆ, ಆದರೂ ಕೊಡಿರಿ. ನಿಮಗೆ ಅವನ ದನಿ ಗೊತ್ತು, ಅವನೊಡನೆ ಕಳೆದ ಸಂಜೆಗಳಿವೆ. ಮಗಳು ತಂದೆಯನ್ನು ಮನೆಯ ಯಜಮಾನನಾಗಿ ಕಂಡವಳು. ಕಾದಂಬರಿಯ ಒಂದು ಸಾಲಿಗೆ ಸಿಟ್ಟಾಗುವ, ಇನ್ನೊಂದಕ್ಕೆ ಕರಗುವ ಓದುಗನಾಗಿ ಅವಳು ಅವನನ್ನು ಕಂಡಿದ್ದಾಳೋ ಇಲ್ಲವೋ. ಆ ಪೆನ್ಸಿಲಿನ ಅಕ್ಷರಗಳಲ್ಲಿ ಅವಳಿಗೆ ಅವನು ಸಿಗುತ್ತಾನೆ. ಕೊಡುವ ಮೊದಲು ಒಂದು ಕೆಲಸ ಮಾಡಿ. ಪೆನ್ಸಿಲಿನ ಬರಹ ಕೈ ತಾಗಿದಷ್ಟೂ ಅಳಿಸುತ್ತದೆ. ಆದ್ದರಿಂದ ಟಿಪ್ಪಣಿಯಿರುವ ಪುಟಗಳನ್ನು ಒಳ್ಳೆಯ ಬೆಳಕಿನಲ್ಲಿ ಮೊಬೈಲಿನಿಂದ ಚಿತ್ರ ತೆಗೆದಿಟ್ಟುಕೊಳ್ಳಿ. ಬೇರೊಂದು ಪ್ರತಿ ಕೊಂಡು, ಅವನ ಟಿಪ್ಪಣಿಗಳನ್ನು ಅದೇ ಜಾಗದಲ್ಲಿ ನಿಮ್ಮ ಕೈಯಿಂದ ಬರೆದುಕೊಂಡರೆ ಇನ್ನೂ ಒಳ್ಳೆಯದು. ಯಾವ ಟಿಪ್ಪಣಿಯ ಹಿಂದೆ ಯಾವ ಜಗಳವಿತ್ತು, ಯಾರ ಜೊತೆಗಿನ ವಾದವಿತ್ತು ಎಂಬುದು ನಿಮಗೆ ಮಾತ್ರ ಗೊತ್ತಿರುವಲ್ಲಿ, ಅದನ್ನು ಒಂದು ಹಾಳೆಯಲ್ಲಿ ಬರೆದು ಪುಸ್ತಕದೊಳಗಿಟ್ಟು ಮಗಳಿಗೆ ಕೊಡಿರಿ. ಅಂಚೆಯಲ್ಲಿ ಕಳಿಸದೆ ನೀವೇ ಹೋಗಿ ಕೊಡಿರಿ.

ಪ್ರಶ್ನೆ: ಹೆಚ್ಚು ಓದದ ಗೆಳೆಯನಿಗೆ ಗೆಳೆತನದ ಮೇಲಿನ ಒಂದು ಕನ್ನಡ ಕಾದಂಬರಿ ಕೊಡಬೇಕೆಂದಿದ್ದೇನೆ. ಯಾವುದನ್ನು ಕೊಡಲಿ?
(ಓದುಗರೊಬ್ಬರು, ಸಪ್ತಾಪುರ, ಧಾರವಾಡ)

ಉತ್ತರ: ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. 1980ರಲ್ಲಿ ಬಂದ ಈ ಕಾದಂಬರಿ ಚಿಕ್ಕದು, ಕೈಗೆತ್ತಿಕೊಂಡವರನ್ನು ಬಿಡದೆ ಓದಿಸಿಕೊಂಡು ಹೋಗುತ್ತದೆ. ಹಾರುವ ಓತಿಯ ಹುಡುಕಾಟವೆಂದು ಎಲ್ಲರೂ ಅದನ್ನು ನೆನೆಯುತ್ತಾರೆ. ನನಗೆ ಅದು ವಿಜ್ಞಾನಿ ಕರ್ವಾಲೊ ಮತ್ತು ಹಳ್ಳಿಯ ಮಂದಣ್ಣ ಇವರ ನಡುವಿನ ನಂಟಿನ ಕಥೆ. ಊರವರೆಲ್ಲ ಕೆಲಸಕ್ಕೆ ಬಾರದವನೆಂದು ತಿಳಿದ ಮಂದಣ್ಣನಲ್ಲಿ ಕರ್ವಾಲೊ ಒಬ್ಬ ಅಸಾಧಾರಣ ಜೀವಿವೀಕ್ಷಕನನ್ನು ಕಾಣುತ್ತಾರೆ, ಹಾಗೆ ಕಂಡದ್ದನ್ನು ನಂಬಿ ನಡೆಯುತ್ತಾರೆ. ನಿಮ್ಮ ಗೆಳೆಯನಿಗೆ ಓದುವ ರೂಢಿ ಇಲ್ಲವೆಂದಿರಿ. ಮೊದಲ ಅಧ್ಯಾಯವನ್ನು ನೀವೇ ಗಟ್ಟಿಯಾಗಿ ಓದಿ ಕೇಳಿಸಿ, ಪುಸ್ತಕವನ್ನು ಅಲ್ಲಿಯೇ ಬಿಟ್ಟು ಬನ್ನಿ.