ಮಾಯಾ ಜನ ಮಾಯವಾಗಿಲ್ಲ

ನಮಸ್ಕಾರ. ಮಧ್ಯ ಅಮೆರಿಕದ ಮೂಲನಿವಾಸಿ ಮಾಯಾ ಜನರ ಬಗ್ಗೆ ನೀವು ಕಳಿಸಿದ 'ಮಾಯವಾದ ಮಾಯಾ' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ಮೊದಲು ಶೀರ್ಷಿಕೆ. ಪದದ ಆಟ ಚೆನ್ನಾಗಿದೆ, ಆದರೆ ಮಾತು ಸುಳ್ಳು. ಅಲ್ಲಿನ ಗ್ವಾಟೆಮಾಲಾ ದೇಶದ 2018ರ ಜನಗಣತಿಯಲ್ಲಿ ತಾವು ಮಾಯಾ ಎಂದು ಬರೆಸಿದವರೇ 60 ಲಕ್ಷಕ್ಕೂ ಜಾಸ್ತಿ. 'ಮಾಯಾ ಭಾಷೆ' ಅಂತ ಒಂದೇ ಭಾಷೆ ಮಾಡಿಬಿಟ್ಟಿದ್ದೀರಿ. ಆ ದೇಶವೊಂದರಲ್ಲೇ 22 ಇವೆ. ಇನ್ನು ಮೊದಲ ಎರಡು ಪುಟದ ಪಿರಮಿಡ್ಡು, ಮಾಯಾ ಕ್ಯಾಲೆಂಡರಿನ ಹೆಸರಲ್ಲಿ ಹಬ್ಬಿದ 2012ರ ಪ್ರಳಯದ ಸುದ್ದಿ ಎಲ್ಲ ತೆಗೆದುಹಾಕಿ. ಆ ಕೆಲಸವನ್ನು ಟಿವಿಯವರು ಆಗಲೇ ಮಾಡಿ ಮುಗಿಸಿದ್ದಾರೆ.

ಮೂರನೇ ಪುಟದಲ್ಲಿ ಗ್ವಾಟೆಮಾಲಾ ಸೈನ್ಯಕ್ಕೂ ಗೆರಿಲ್ಲಾಗಳಿಗೂ ನಡೆದ ಅಂತರ್ಯುದ್ಧ ಬರುತ್ತದೆ. 1960ರಿಂದ 1996, ಸತ್ತವರು ಮತ್ತು ಕಾಣೆಯಾದವರು ಎರಡು ಲಕ್ಷಕ್ಕೂ ಹೆಚ್ಚು, ಗುರುತು ಸಿಕ್ಕವರಲ್ಲಿ ಶೇ. 83 ಮಾಯಾ ಜನ. ಅಂಕಿ ಸರಿಯಾಗಿದೆ. ಆದರೆ ಆ ಪುಟದಲ್ಲಿ 'ಮುಗ್ಧ' ಒಂಬತ್ತು ಸಲ ಬಂದಿದೆ, ಕೂತು ಎಣಿಸಿದೆ. ಒಬ್ಬರಾದರೂ ಬಾಯಿ ಬಿಟ್ಟು ಏನಾದರೂ ಕೇಳುತ್ತಾರಾ? ಇಲ್ಲ, ಸುಮ್ನೆ ಅಳುತ್ತಾರೆ. 'ಪ್ರತಿರೋಧ' ಅಂತ ಉಪಶೀರ್ಷಿಕೆ ಬೇರೆ!

ಸೆಪುರ್ ಸಾರ್ಕೊ ಬಗ್ಗೆ ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ನಿಮ್ಮ ಲೇಖನ ಇರುವುದೇ ಅಲ್ಲಿ. ಅದು ಕೆಕ್ಚಿ ಮಾಯಾ ಜನರ ಊರು. ಗಂಡಸರು ಜಮೀನಿನ ಹಕ್ಕುಪತ್ರಕ್ಕಾಗಿ ಓಡಾಡುತ್ತಿದ್ದರು. 1982ರಲ್ಲಿ ಸೈನ್ಯ ಅವರನ್ನು ಎಳೆದುಕೊಂಡು ಹೋಯಿತು. ಆಮೇಲೆ ಹೆಂಡತಿಯರನ್ನು ಸೇನಾ ಶಿಬಿರಕ್ಕೆ ಪಾಳಿಯ ಮೇಲೆ ಕರೆಸಿಕೊಂಡರು. ಮೆಕ್ಕೆಜೋಳದ ರೊಟ್ಟಿ (ತೋರ್ತಿಯಾ) ಮಾಡಿ ಹಾಕಬೇಕು, ಸೈನಿಕರ ಬಟ್ಟೆ ಒಗೆಯಬೇಕು. ಅತ್ಯಾಚಾರವೂ ಆ ಪಾಳಿಯಲ್ಲೇ. ಮೂವತ್ತು ವರ್ಷ ದಾಟಿದ ಮೇಲೆ, 2016ರ ಫೆಬ್ರವರಿಯಲ್ಲಿ, ಅದೇ ಹೆಂಗಸರು ಬಣ್ಣಬಣ್ಣದ ಶಾಲಿನಲ್ಲಿ ಮುಖ ಮುಚ್ಚಿಕೊಂಡು ಕೋರ್ಟಿನಲ್ಲಿ ಕೂತರು. ಆರೋಪಿಗಳಲ್ಲಿ ಒಬ್ಬನಿಗೆ 120 ವರ್ಷ, ಇನ್ನೊಬ್ಬನಿಗೆ 240 ವರ್ಷ ಶಿಕ್ಷೆಯಾಯಿತು. ಪರಿಹಾರವಾಗಿ ಏನು ಕೇಳಿದರು ಗೊತ್ತಾ? ಊರಿಗೊಂದು ಆಸ್ಪತ್ರೆ, ಮಕ್ಕಳಿಗೆ ಸ್ಕೂಲು, ಮತ್ತೆ ಅದೇ ಜಮೀನಿನ ಹಕ್ಕು.

ನೀವು 'ಮೂಕವೇದನೆ' ಎಂದು ಬರೆದಿರುವುದು ಇವರ ಬಗ್ಗೆ.

ಇನ್ನೊಂದು ತಪ್ಪು. ಸೇನಾಡಳಿತಗಾರ ರಿಯೋಸ್ ಮಾಂಟ್ ಶಿಕ್ಷೆ ಅನುಭವಿಸುತ್ತಾ ಜೈಲಿನಲ್ಲೇ ಸತ್ತ ಎಂದಿದ್ದೀರಿ. ಇಶಿಲ್ ಮಾಯಾ ಜನರ ನರಮೇಧದ ಕೇಸಿನಲ್ಲಿ 2013ರ ಮೇ 10ರಂದು 80 ವರ್ಷ ಶಿಕ್ಷೆಯಾಗಿದ್ದು ನಿಜ. ಆದರೆ ಹತ್ತೇ ದಿನಕ್ಕೆ ಅಲ್ಲಿನ ಸಂವಿಧಾನ ನ್ಯಾಯಾಲಯ ಆ ತೀರ್ಪನ್ನು ರದ್ದು ಮಾಡಿತು. ಮರುವಿಚಾರಣೆ ಮುಗಿಯುವ ಮೊದಲೇ, 2018ರಲ್ಲಿ, ಅವನು ಸತ್ತ. 'ಕೊನೆಗೂ ನ್ಯಾಯ ಗೆದ್ದಿತು' ಅನ್ನುವ ನಿಮ್ಮ ಕೊನೆಯ ಪ್ಯಾರಾ ಇದರ ಮುಂದೆ ನಿಲ್ಲುವುದಿಲ್ಲ, ಅಲ್ವಾ?

ನಿಮಗೆ ಬರೆಯಲು ಬರುತ್ತದೆ, ಅದಕ್ಕೇ ಇಷ್ಟು ಉದ್ದ ಬರೆದೆ. ಹಕ್ಕುಪತ್ರಕ್ಕೆ ಓಡಾಡಿದ ಆ ಗಂಡಸರಿಂದ ಶುರು ಮಾಡಿ, 1,200 ಪದದೊಳಗೆ ಮುಗಿಸಿ. ಮುಂದಿನ ತಿಂಗಳ ಮೊದಲ ವಾರಕ್ಕೆ ಬಂದರೆ ನಾನೇ ಓದುತ್ತೇನೆ.

ಇಂತಿ,
ಸಂಪಾದಕ