ಘಟ್ಟ ಹತ್ತಲೊಲ್ಲದ ಮಗಳು

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ಅಪ್ಪನದು ಶಿರಸಿ ಕಡೆ ಅಡಿಕೆ ತೋಟ. ಆಯಿ, ಅಂದರೆ ಅಮ್ಮ, ಒಂದೂವರೆ ವರ್ಷದಿಂದ ಕುಮಟಾದ ತವರಲ್ಲಿದ್ದಾರೆ. ಎಂಟು ವರ್ಷದ ಮಗಳು ಆಯಿಯ ಜೊತೆ, ಅಲ್ಲೇ ಮೂರನೇ ಕ್ಲಾಸು. ಮಗಳು ತನ್ನ ಹತ್ತಿರ ಇರಬೇಕೆಂದು ಅಪ್ಪ ಕೋರ್ಟಿಗೆ ಅರ್ಜಿ ಹಾಕಿದ್ದರು. ರಾಜಿ ಮಾತುಕತೆಗೆಂದು ಇಬ್ಬರೂ ನನ್ನ ಹತ್ತಿರ ಬಂದಿದ್ದರು.

ಮೊದಲ ದಿನ ಅಪ್ಪನ ಕೈಯಲ್ಲಿ ಒಂದು ಫೈಲು. ಹದಿನಾಲ್ಕು ಪುಟ, ಎಲ್ಲ ಹೆಂಡತಿಯ ತಪ್ಪುಗಳೇ, ತಾರೀಖು ಸಮೇತ. "ಅಕ್ಕೋರೇ, ಇದನ್ನೊಮ್ಮೆ ಓದಿ, ಯಾರದ್ದು ತಪ್ಪು ಅಂತ ಗೊತ್ತಾಗ್ತದೆ" ಎಂದರು. ನಾನು ಅದನ್ನು ಪಕ್ಕಕ್ಕಿಟ್ಟು, ಮಗಳ ಚಪ್ಪಲಿ ನಂಬರು ಎಷ್ಟು ಎಂದೆ. ಗೊತ್ತಿರಲಿಲ್ಲ. ಶಾಲೆ ಬಿಡುವುದು ಎಷ್ಟೊತ್ತಿಗೆ? ಅದೂ ಸರಿಯಾಗಿ ಗೊತ್ತಿಲ್ಲ. ಸುಮ್ನೆ ಚುಚ್ಚಲು ಕೇಳಿದ್ದಲ್ಲ. 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯಾಗಲಿ, 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕತ್ವ ಕಾಯ್ದೆಯಾಗಲಿ, ಕೊನೆಗೆ ನೋಡುವುದು ಮಗುವಿನ ಹಿತ. ಗಂಡ ಹೆಂಡಿರ ಜಗಳದಲ್ಲಿ ಗೆದ್ದವರಿಗೆ ಮಗು ಬಹುಮಾನ ಅಲ್ಲ.

ಆಯಿಯ ತಪ್ಪುಕಲ್ಪನೆ ಬೇರೆ. "ಹೆಣ್ಣುಮಗು, ನನಗೇ ಕೊಡ್ತಾರೆ ಅಲ್ವಾ?" ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು ಎಂದು ಕಾಯ್ದೆ ಹೇಳುವುದು ನಿಜ. ಈ ಮಗುವಿಗೆ ಎಂಟು. ಅಪ್ಪನ ಫೋನು ಬಂದರೆ ಕಟ್ ಮಾಡುತ್ತಿದ್ದುದೂ ಅವರ ವಿರುದ್ಧವೇ ಹೋಗಬಹುದಿತ್ತು. ಮಗುವಿಗೆ ತಂದೆ ತಾಯಿ ಇಬ್ಬರ ಪ್ರೀತಿಯೂ ಸಿಗಬೇಕು, ಜೊತೆಗಿಲ್ಲದವರು ಕೊನೇಪಕ್ಷ ಫೋನು, ವಿಡಿಯೊ ಕಾಲಿನಲ್ಲಾದರೂ ಮಾತಾಡುವಂತಿರಬೇಕು ಎಂದು ಸುಪ್ರೀಂ ಕೋರ್ಟು 2020ರ ಒಂದು ತೀರ್ಪಿನಲ್ಲಿ ಹೇಳಿದೆ.

"ಅವಳೇ ಅಪ್ಪನ ಮನೆ ಬೇಡ ಅಂತಾಳೆ, ಕೇಳಿ ನೋಡಿ" ಎಂದರು ಆಯಿ. ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನೂ ಕೋರ್ಟು ಗಮನಿಸಬಹುದು. ಎಷ್ಟೋ ಸಲ ನ್ಯಾಯಾಧೀಶರೇ ಚೇಂಬರಿಗೆ ಕರೆದು ಮಾತಾಡುತ್ತಾರೆ. ಹೇಳಿಕೊಟ್ಟ ಮಾತು ಅಲ್ಲಿ ಬೇಗ ಗೊತ್ತಾಗುತ್ತದೆ. ನಾನೂ ಮಗಳನ್ನು ಒಬ್ಬಳನ್ನೇ ಕೂರಿಸಿಕೊಂಡೆ. ಅವಳು ಪೆನ್ಸಿಲ್ ಕೆತ್ತುತ್ತಾ ಕೆತ್ತುತ್ತಾ ಅರ್ಧ ಮುಗಿಸಿದ ಮೇಲೆ ಬಾಯಿಬಿಟ್ಟಳು. "ದೇವಿಮನೆ ಘಟ್ಟದಲ್ಲಿ ವಾಂತಿ ಆಗ್ತದೆ. ಬಸ್ಸಲ್ಲಿ ಎಲ್ಲರೂ ನನ್ನನ್ನೇ ನೋಡ್ತಾರೆ." ಕುಮಟಾದಿಂದ ಶಿರಸಿಗೆ ಹತ್ತುವ ದಾರಿ ಅದು.

ಅಪ್ಪ ಬೇಡ ಎಂದು ಅವಳು ಹೇಳಿಯೇ ಇರಲಿಲ್ಲ.

ಅವಳನ್ನು ಕೇಳಿಕೊಂಡೇ ಇದನ್ನು ಇಬ್ಬರಿಗೂ ಹೇಳಿದೆ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ನಾನು ಕೊಟ್ಟ ಸಲಹೆ ಇಷ್ಟು. ಶಾಲೆ ನಡೆಯುವಾಗ ಮಗಳು ಕುಮಟಾದಲ್ಲೇ ಇರಲಿ. ಮಳೆಗಾಲದಲ್ಲಿ ಘಟ್ಟ ಯಾವಾಗ ಕುಸಿಯುತ್ತದೋ ಹೇಳಲಾಗದು, ಆ ನಾಲ್ಕು ತಿಂಗಳು ಅಪ್ಪನೇ ತಿಂಗಳಿಗೆರಡು ಶನಿವಾರ ಕೆಳಗಿಳಿದು ಬರಲಿ. ಮಳೆ ಮುಗಿದ ಮೇಲೆ ಕಾರಿನಲ್ಲಿ, ನಿಲ್ಲಿಸಿ ನಿಲ್ಲಿಸಿ, ಒಂದು ರಾತ್ರಿಯ ಮಟ್ಟಿಗೆ ಮೇಲೆ ಕರೆದೊಯ್ಯಲಿ. ಬೇಸಿಗೆ ರಜೆ ಅರ್ಧರ್ಧ. ದಿನಾ ಸಂಜೆ ಏಳಕ್ಕೆ ವಿಡಿಯೊ ಕಾಲು. ಎಲ್ಲವೂ ಗಂಟೆ, ಜಾಗ ಸಮೇತ ರಾಜಿ ಪತ್ರದಲ್ಲಿ ಬರಲಿ. "ಆಗಾಗ ಭೇಟಿ" ಎಂದು ಬರೆದರೆ ಮತ್ತೆ ಜಗಳ ಗ್ಯಾರಂಟಿ. ಮಗು ಬೆಳೆದಂತೆ ಏರ್ಪಾಡು ಬದಲಿಸಿಕೊಡಿ ಎಂದು ಕೋರ್ಟನ್ನು ಮತ್ತೆ ಕೇಳಬಹುದು ಎಂದೂ ಹೇಳಿದೆ. ಅಪ್ಪನಿಗೆ ಅದರಿಂದಲೇ ಜಾಸ್ತಿ ಸಮಾಧಾನವಾದಂತಿತ್ತು.

ಉಳಿದದ್ದು ಚೌತಿ. ಒಂದು ವರ್ಷ ಅಲ್ಲಿ, ಒಂದು ವರ್ಷ ಇಲ್ಲಿ ಎಂದರೆ ಎರಡೂ ಮನೆಯ ಅಜ್ಜಿಯರು ಒಪ್ಪುತ್ತಿಲ್ಲ. ಮುಂದಿನ ವಾರ ಮತ್ತೆ ಬರುತ್ತಾರೆ.